ಅಕ್ಕಯ್ಯನೋರ ಮಡಿಲು

ಮೊನ್ನೆ ಸೊಸೆ ತಲೆಗೆ ಹರಳೆಣ್ಣೆ ಒತ್ತಿಕೊಂಡು ಬಚ್ಚಲಲ್ಲಿ ಸೀಗೆಪುಡಿ ಕಲಸುತ್ತಿದ್ದಳು. ಎರಡೂ ಬೆರೆತ ಆ ವಾಸನೆಗೆ ನನಗೆ ನೆನಪಾದದ್ದು ಒಂದು ಕಲ್ಲು. ಅದಕ್ಕೆ ಎಣ್ಣೆ ಹಚ್ಚುತ್ತಿದ್ದ ಪಕ್ಕದ ಮನೆಯ ದೊಡ್ಡವ್ವ...

ನಾನು ಮದುವೆಯಾಗಿ ಹಳೇಕೋಟೆ ಕಡೆಯ ಆ ಊರಿಗೆ ಬಂದದ್ದು ಯುದ್ಧ ನಡೆಯುತ್ತಿದ್ದಾಗ. ಊರ ಹಿಂದಿನ ಹಳೇ ಗುಡಿಯಲ್ಲಿ ಉದ್ದನೆಯ ಒಂದೇ ಕಲ್ಲಿನ ಮೇಲೆ ಏಳು ಹೆಂಗಸರು ಸಾಲಾಗಿ ಕೂತಿದ್ದರು. ಊರವರಿಗೆ ಅವರು ಅಕ್ಕಯ್ಯನೋರು, ಮದುವೆಯಾಗದ ಅಕ್ಕತಂಗಿಯರು. ತುದಿಯಲ್ಲಿ ವೀಣೆ ಹಿಡಿದವನು ಅವರನ್ನು ಕಾಯುವ ತಮ್ಮನಂತೆ. ಕಾಯುವವನಿಗೆ ದೊಣ್ಣೆ ಬಿಟ್ಟು ವೀಣೆ ಯಾಕೆ ಅಂತ ಕೇಳಿದ್ದಕ್ಕೆ ಅತ್ತೆ ನನ್ನ ಮೇಲೆ ಕಣ್ಣು ಬಿಟ್ಟಿದ್ದರು. ಕನ್ನೆಯರ ಗುಡಿಯಾದ್ದರಿಂದ ಹೆತ್ತ ಹೆಂಗಸರು ಅದರ ಹೊಸಿಲು ದಾಟುವಂತಿರಲಿಲ್ಲ.

ಹಾಗಾಗಿ ಎಣ್ಣೆ ಹಚ್ಚುವ ಕೆಲಸ ದೊಡ್ಡವ್ವನದು. ಮಕ್ಕಳಿಲ್ಲವೆಂದು ಸೀಮಂತಕ್ಕಾಗಲಿ ತೊಟ್ಟಿಲು ಶಾಸ್ತ್ರಕ್ಕಾಗಲಿ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಈ ಗುಡಿಯಲ್ಲಿ ಮಾತ್ರ ಅವರೇ ಮುಂದು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಆ ಠೀವಿ ನೋಡಬೇಕಿತ್ತು.

ಮೊದಮೊದಲು ನಾನೂ ಜೊತೆಗೆ ಹೋಗುತ್ತಿದ್ದೆ. ತಲೆಮಾರುಗಳ ಎಣ್ಣೆ ಹೆಪ್ಪುಗಟ್ಟಿ ಅಕ್ಕಯ್ಯನೋರ ಮೂಗು ಬಾಯಿ ಒಂದೂ ಕಾಣುತ್ತಿರಲಿಲ್ಲ. ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಉಬ್ಬು ಮಾತ್ರ ಕೈಗೆ ಸಿಗುತ್ತಿತ್ತು. ಅದೇನೆಂದು ನಮ್ಮಿಬ್ಬರಿಗೂ ತಡೆಯಲಾರದ ಕುತೂಹಲ. ನಾನು ಹೂವಿನ ಬುಟ್ಟಿ ಎಂದರೆ ದೊಡ್ಡವ್ವ ಕುಂಕುಮದ ಭರಣಿ ಎನ್ನುತ್ತಿದ್ದರು.

ಆಮೇಲೆ ನಾನು ಹೆತ್ತೆ, ಹೊಸಿಲಾಚೆ ಉಳಿದೆ. ಆ ವರ್ಷ ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗದೆ ಹರಳೆಣ್ಣೆಯೆಲ್ಲ ಮನೆದೀಪಕ್ಕೆ ಹೋಗಿ, ದೇವರಿಗೆ ಹಚ್ಚುವುದು ನಿಂತಿತು. ಒಣಗಿದ ಜಿಡ್ಡು ಬಿರುಕು ಬಿಟ್ಟು ಒಬ್ಬ ಅಕ್ಕಯ್ಯನ ಮಡಿಲಿನಿಂದ ಚಕ್ಕೆ ಉದುರಿತು. ಒಳಗೆ ಒಂದು ಪುಟ್ಟ ಕಾಲು. ದೊಡ್ಡವ್ವ ಮನೆಗೆ ಹೋಗಿ ಸೀಗೆಪುಡಿ, ಬಿಸಿನೀರು ತಂದರು. ಮಗುವನ್ನೆತ್ತಿಕೊಂಡು ನಾನು ಬಾಗಿಲಲ್ಲೇ ನಿಂತು ನೋಡಿದೆ. ತೆಂಗಿನ ನಾರಿನಿಂದ ಉಜ್ಜಿದಷ್ಟೂ ಅಕ್ಕಯ್ಯನೋರ ಕಾಲ ಬಳಿ ಹಂಸ, ನವಿಲು, ಆನೆ ಎದ್ದು ಬಂದವು. ಆಮೇಲೆ ಎಳೆ ಬೆರಳುಗಳು, ಗುಂಡು ಹೊಟ್ಟೆ... ಏಳು ಮಡಿಲಲ್ಲೂ ಮಕ್ಕಳು.

ಅಕ್ಕಯ್ಯನೋರು ತಾಯಂದಿರಾದರೆ ದೊಡ್ಡವ್ವನ ಸೊಂಟದಲ್ಲಿ ಆ ಬೀಗದ ಕೈ ಉಳಿಯುವುದುಂಟೇ? ಯಾರಾದರೂ ನೋಡುವ ಮೊದಲೇ ಎಣ್ಣೆ ಮೆತ್ತಿಬಿಡಿ, ನಾನು ಬಾಯಿ ಬಿಡುವುದಿಲ್ಲ ಅಂದೆ.

"ಎಣ್ಣೆ ಮೆತ್ತುದ್ರೆ ಕೂಸು ಇಲ್ದಂಗಾಯ್ತದಾ?" ಅಂದರು ದೊಡ್ಡವ್ವ. ನಾರನ್ನು ಕೆಳಗಿಟ್ಟು, "ಒಳೀಕೆ ಬಾ ಕಣವ್ವ. ಕೂಸ್ನೂ ಎತ್ಕೊಂಡು ಬಾ" ಅಂದರು.

ಎಣ್ಣೆ ಮೆತ್ತದೆ ಬಿಟ್ಟ ಮಕ್ಕಳು ಊರವರ ಕಣ್ಣಿಗೆ ಬಿದ್ದು, ನಾನು ಹೆದರಿದಂತೆಯೇ ಆಯಿತು. ಇನ್ನು ಹೆತ್ತವರೇ ಎಣ್ಣೆ ಹಚ್ಚಬೇಕೆಂದು ಹಿರಿಯರು ತೀರ್ಮಾನಿಸಿದರು. ಬೀಗದ ಕೈ ನನ್ನ ಅತ್ತೆಗೆ ಬಂತು. ಅತ್ತೆ ಮಧ್ಯಾಹ್ನ ಮಲಗಿದಾಗ ನಾನು ಅದನ್ನು ದೊಡ್ಡವ್ವನಿಗೆ ಕೊಡುತ್ತಿದ್ದೆ. ಅವರು ಎಣ್ಣೆಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದರು. ಅಷ್ಟೊಂದು ಕುತೂಹಲದ ನಾನು, ಅಲ್ಲಿ ಏನು ಮಾಡುತ್ತಾರೆಂದು ಹಿಂದೆ ಹೋಗಿ ನೋಡಲಿಲ್ಲ.

ಮುಂದೆ ನಾವು ಹಾಸನ ಸೇರಿದೆವು. ದೊಡ್ಡವ್ವ ತೀರಿಕೊಂಡ ಸುದ್ದಿ ಮಣ್ಣಾದ ಮೇಲೆ ಬಂತು...

ಸೀಗೆ ವಾಸನೆ ಎಬ್ಬಿಸಿದ ನೆನಪು ಬಿಡದೆ, ಅಂದು ಕಂಕುಳಲ್ಲಿದ್ದ ಮಗನನ್ನೇ ಕರೆದುಕೊಂಡು ಈ ಭಾನುವಾರ ಗುಡಿಗೆ ಹೋದೆ. ಗಂಗರ ಕಾಲದ ಸಪ್ತಮಾತೃಕೆಯರು ಎಂದು ಫಲಕ ಹಾಕಿದ್ದಾರೆ. ವೀಣೆಯ ತಮ್ಮ ವೀರಭದ್ರನಂತೆ. ಇದನ್ನು ಹೇಳಲು ದೊಡ್ಡವ್ವ ಇಲ್ಲವಲ್ಲ ಎಂದು ಸಂಕಟವಾಯಿತು. ಜಿಡ್ಡು ಪೂರ್ತಿ ತೆಗೆದಿದ್ದಾರೆ. ಆರು ಮಕ್ಕಳ ಕಣ್ಣು ಮೂಗು ಇನ್ನೂ ಚೂಪಾಗಿವೆ. ಅಂದು ಕಾಲು ಕಂಡ ಆ ಒಂದು ಮಗುವಿನ ನೆತ್ತಿ, ಕೆನ್ನೆ ಮಾತ್ರ, ದಿನಾ ಎಣ್ಣೆ ತಿಕ್ಕಿ ನೀರೆರೆದ ಹಾಗೆ ಸವೆದು ನುಣ್ಣಗಾಗಿವೆ.