ಅತ್ತಿಗೆಯನ್ನು ನೋಡಲು ಬಂದವರು

ಸೊರಬದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಯಾರೋ ತುಪ್ಪದಲ್ಲಿ ರವೆ ಹುರಿಯುತ್ತಿದ್ದಾರೆ. ಶಿಕಾರಿಪುರದ ಬಸ್ಸು ಇನ್ನೂ ಬಂದಿಲ್ಲ. ಈಗ ಬರುತ್ತದೆ ಎಂದು ಕಂಡಕ್ಟರೊಬ್ಬರು ಭರವಸೆ ಕೊಟ್ಟು ಟೀ ಕುಡಿಯಲು ಹೋಗಿದ್ದಾರೆ. ಈ ವಾಸನೆ ಮೂಗಿಗೆ ಬಡಿದರೆ ಸಾಕು, ಹತ್ತಿರದಲ್ಲೆಲ್ಲೋ ಹೆಣ್ಣು ನೋಡಲು ಬರುತ್ತಿದ್ದಾರೆ ಎಂದು ನಿಮಗೂ ಅನಿಸುತ್ತದೋ ಇಲ್ಲವೋ? ನಮ್ಮ ಕಡೆ ಕೇಸರಿಬಾತಿನ ಮುಖ್ಯ ಉದ್ಯೋಗವೇ ಅದು. ಆದರೆ ಆ ಶಾಸ್ತ್ರ ಅಂದಾಗ ನನಗೆ ನೆನಪಾಗುವುದು ನನ್ನ ಮದುವೆಯ ಸಂದರ್ಭವಲ್ಲ. ಮದುವೆಯಾಗಿ ಎಷ್ಟೋ ವರ್ಷ ಕಳೆದು, ಎರಡು ಮಕ್ಕಳ ತಾಯಿಯೂ ಆದ ನಮ್ಮ ಗಿರಿಜತ್ತಿಗೆಯನ್ನು ನೋಡಲು ಮೂರು ಜನ ಬಂದ ದಿನ. ಗಾಬರಿಯಾಗಬೇಡಿ. ಬಂದವರು ಪ್ರೊಫೆಸರುಗಳು, ಬಂದದ್ದು ಲ್ಯಾಪ್‌ಟಾಪಿನೊಳಗೆ.

ಅತ್ತಿಗೆ ಇದೇ ಸೊರಬದವರು. ಅಂಜನಾಪುರದ ಹತ್ತಿರದ ನಮ್ಮ ಮನೆಗೆ ಸೊಸೆಯಾಗಿ ಬಂದು, ಮಕ್ಕಳು ಸ್ವಂತವಾಗಿ ಜಡೆ ಹಾಕಿಕೊಳ್ಳುವಷ್ಟು ದೊಡ್ಡವರಾದ ಮೇಲೆ, ಮನೆಯಲ್ಲೇ ಕೂತು ಓದುವ ಸ್ನಾತಕೋತ್ತರ ಪದವಿಯೊಂದಕ್ಕೆ ಸೇರಿದರು. ಅದರ ಹೆಸರು ‘ತಂತ್ರಜ್ಞಾನ, ವ್ಯವಹಾರ ಮತ್ತು ನಾಯಕತ್ವ ನಿರ್ವಹಣೆ’. ಇಷ್ಟುದ್ದದ ಹೆಸರನ್ನು ಬಾಯಲ್ಲಿ ಹೊತ್ತು ತಿರುಗಲು ಯಾರಿಗೆ ಪುರುಸೊತ್ತು? ಅಮ್ಮ ಅದನ್ನು ‘ಅದು’ ಎಂದು ಇಳಿಸಿದಳು. “ಗಿರಿಜಾ ಅದನ್ನ ಓದ್ತಾಳೆ” ಎಂದು ಬಂದವರಿಗೆಲ್ಲ ಹೇಳುವಾಗ ಅವಳ ದನಿ ತಗ್ಗುತ್ತಿತ್ತು. ಕೇಳಿದವರು ಅತ್ತಿಗೆಯನ್ನು ಕರುಣೆಯಿಂದ ನೋಡಿ ಹೋಗುತ್ತಿದ್ದರು.

ವಾರದ ಕೊನೆಗೆ ಪಾಠ. ಒಲೆಯ ಪಕ್ಕದ ಡಬ್ಬಿಗೆ ಮೊಬೈಲನ್ನು ಒರಗಿಸಿ ಅತ್ತಿಗೆ ರೊಟ್ಟಿ ಬಡಿಯುತ್ತಿದ್ದರು. ಒಳಗಿನ ಮೇಷ್ಟ್ರು ನಾಯಕನಾದವನ ಗುಣಲಕ್ಷಣ ಹೇಳುತ್ತಿದ್ದಂತೆ ಹೊರಗೆ ರೊಟ್ಟಿ ಉಬ್ಬುತ್ತಿತ್ತು. ನಾನೂ ಎಂಬಿಎ, ಮರೆಯಬೇಡಿ. ದಾವಣಗೆರೆಯಲ್ಲಿ ಎರಡು ವರ್ಷ ಇದ್ದು, ಟೈ ಕಟ್ಟುವುದನ್ನು ಪೂರ್ತಿಯಾಗಿಯೂ ಮಿಕ್ಕಿದ್ದನ್ನು ಅಂದಾಜಿನ ಮೇಲೂ ಕಲಿತು ಬಂದವನು. ಈಗ ಗೊಬ್ಬರದ ಕಂಪನಿಯ ಪರವಾಗಿ ಈ ತಾಲ್ಲೂಕಿನಿಂದ ಆ ತಾಲ್ಲೂಕಿಗೆ ತಿರುಗುತ್ತೇನೆ. ಟೈ ಮದುವೆ ಫೋಟೋದಲ್ಲಿದೆ.

ಅತ್ತಿಗೆಯ ಓದಿನ ಹಿಂದೆ ಇದ್ದದ್ದು ನಮ್ಮ ಭತ್ತ ಕೊಯ್ಯುವ ಮಷಿನ್ನು. ಅಪ್ಪ ಅದನ್ನು ಸುತ್ತಲಿನ ಊರುಗಳಿಗೆ ಬಾಡಿಗೆಗೆ ಕಳಿಸುತ್ತಿದ್ದ. ಅದು ಯಾವತ್ತು ಯಾರ ಗದ್ದೆಗೆ ಹೋಗಬೇಕು ಎಂಬುದಕ್ಕೆ ಅವನದೊಂದು ಶಾಸನವಿತ್ತು. ಬೆಳಗಾಗುವಷ್ಟರಲ್ಲಿ ಯಾರು ಬಂದು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾರೋ ಆ ದಿನ ಮಷಿನ್ನು ಅವರದು. ಇದರಿಂದ ನಮ್ಮ ಮಷಿನ್ನು ಬೆಳಿಗ್ಗೆ ಉಡುತಡಿ, ಮಧ್ಯಾಹ್ನ ಅಂಜನಾಪುರ, ಮರುದಿನ ಮತ್ತೆ ಉಡುತಡಿ ಎಂದು ಓಡಾಡುತ್ತ, ಗದ್ದೆಗಿಂತ ಹೆಚ್ಚಾಗಿ ರಸ್ತೆಯನ್ನೇ ಕಂಡಿತ್ತು. ಒಂದು ಊರು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗೋಣ ಎಂದರು ಅತ್ತಿಗೆ. “ಬಾಗ್ಲಿಗೆ ಬಂದೋನ್ನ ಆಮ್ಯಾಲೆ ಬಾ ಅನ್ನಾದು ನಮ್ಮ ವಂಶದಾಗೇ ಇಲ್ಲ” ಎಂದ ಅಪ್ಪ. ಮಾವ ಸೊಸೆಯ ಈ ಜಗಳ ಒಂದು ಸುಗ್ಗಿ ಪೂರ್ತಿ ನಡೆಯಿತು. ಅಣ್ಣ ಊಟದ ತಟ್ಟೆ ಹಿಡಿದು ಹಿತ್ತಲಿಗೆ ಹೋಗುವುದನ್ನು ರೂಢಿ ಮಾಡಿಕೊಂಡ. ಅತ್ತಿಗೆ ಸುಮ್ಮನೆ ಬೈಸಿಕೊಳ್ಳುವ ಪೈಕಿಯಲ್ಲ. ಆ ಜಗಳವನ್ನೇ ತಮ್ಮ ಪದವಿಯ ಪ್ರಾಜೆಕ್ಟು ಮಾಡಿಕೊಂಡರು.

ಕೊನೆಗೊಂದು ದಿನ ಅಪ್ಪ ತೀರ್ಪು ಕೊಟ್ಟ. “ನೀನು ಪಾಸಾಗು, ಮಷಿನ್ನು ನಿನ್ನ ಕೈಗೆ. ನಿನ್ನಿಷ್ಟದಂಗೆ ನಡೆಸು. ಆಗ್ಲಿಲ್ಲಂದ್ರೆ ಮಾರಿ ಕೈ ತೊಳ್ಕಂತೀನಿ.” ಅವತ್ತಿನಿಂದ ಅತ್ತಿಗೆ ಓದುವಾಗ ಮಕ್ಕಳೂ ಸಹ ಪಿಸುಗುಟ್ಟುತ್ತಿದ್ದುದು ನನಗೆ ನೆನಪಿದೆ. ಆ ಮಷಿನ್ನನ್ನು ನಡೆಸುವುದು ಅವರಿಗೆ ಅಷ್ಟು ಬೇಕಾಗಿತ್ತು.

ಕೊನೆಯ ಪರೀಕ್ಷೆ ಅಂದರೆ ಸಂದರ್ಶನ. ಮೂವರು ಪ್ರೊಫೆಸರುಗಳು ಪರದೆಯ ಮೇಲೆ ಬಂದು ಪ್ರಶ್ನೆ ಕೇಳುತ್ತಾರೆ, ಯಂತ್ರದ ಮಾಲೀಕರೂ ಹಾಜರಿರಬೇಕು ಎಂದು ತಿಳಿಸಿದ್ದರು. ಅಮ್ಮನ ಕಿವಿಗೆ ಬಿದ್ದದ್ದು ಇಷ್ಟೇ: ಗಿರಿಜಾಳನ್ನು ನೋಡಲು ಮೂರು ಜನ ಬರುತ್ತಾರೆ. ಲ್ಯಾಪ್‌ಟಾಪಿನಲ್ಲಿ ಬರುವವರು ಕೇಸರಿಬಾತು ತಿನ್ನಲಾರರು ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಮಾಡಿದಳು. “ಮಾಡ್ಲಿಲ್ಲ ಅಂದ್ರೆ ಮನಸ್ಸಿಗೆ ಸಮಾಧಾನ ಇಲ್ಲಪ್ಪ” ಎಂದಳು. ಅತ್ತಿಗೆಗೆ ರೇಷ್ಮೆ ಸೀರೆ ಉಡಿಸಿದಳು. ಅಪ್ಪ ಶಲ್ಯ ಹೊದ್ದ. ಸೊರಬದಿಂದ ಅತ್ತಿಗೆಯ ತಂದೆ ಬಾಳೆಹಣ್ಣಿನ ಚಿಪ್ಪು ಹಿಡಿದು ಮೊದಲ ಬಸ್ಸಿಗೇ ಬಂದಿಳಿದರು. ಎಲ್ಲರನ್ನೂ ಸಾಲಾಗಿ ಕೂರಿಸಿ ಅಮ್ಮ ಎಚ್ಚರಿಕೆ ಕೊಟ್ಟಳು. “ಬಂದೋರ ಮುಂದೆ ಮನೆ ಜಗಳ ಯಾರೂ ಎತ್ತಬ್ಯಾಡ್ರಿ, ಹೇಳಿರ್ತೀನಿ.”

ಎಲ್ಲರ ಮನೆ ದೋಸೆಯೂ ತೂತೇ. ಆದರೆ ಹೆಣ್ಣು ನೋಡಲು ಬಂದವರಿಗೆ ತೂತಿಲ್ಲದ ದೋಸೆ ತೋರಿಸುವುದು ನಮ್ಮ ಕಡೆಯ ಧರ್ಮ. ಅವತ್ತು ನಮ್ಮವರು ಆ ಧರ್ಮವನ್ನು ಶ್ರದ್ಧೆಯಿಂದ ಪಾಲಿಸಿದರು.

“ಈ ಪ್ರಾಜೆಕ್ಟಿನಲ್ಲಿ ನಿಮಗೆ ಎದುರಾದ ದೊಡ್ಡ ತೊಡಕು ಯಾವುದು ಗಿರಿಜಾ?” ಎಂದು ಮೂವರಲ್ಲಿ ಹಿರಿಯರಾದ ಮೇಡಂ ಕೇಳಿದರು.

ಅತ್ತಿಗೆ ಬಾಯಿ ತೆರೆಯುವ ಮೊದಲೇ ಅಪ್ಪ ಮುಂದಕ್ಕೆ ಬಾಗಿದ. “ತೊಡಕು ಏನೂ ಇಲ್ರೀ ಮೇಡಂ. ನಮ್ಮ ಮನ್ಯಾಗೆ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ.”

“ನಮ್ಮ ಹುಡುಗಿ ಚಿಕ್ಕಂದಿನಿಂದ ಹಂಗೇ ಮೇಡಂ,” ಎಂದು ಸೊರಬದ ಬೀಗರು ಸೇರಿಸಿದರು. “ಎಂತ ಹೇಳಿದ್ರೂ ಎದುರು ಮಾತಾಡೋಳಲ್ಲ.”

ಮೇಡಂ ಕೈಯಲ್ಲಿದ್ದ ವರದಿಯ ಹಾಳೆ ತಿರುವಿದರು. “ಆದರೆ ಇಲ್ಲಿ ಒಂದು ಅಧ್ಯಾಯ ಪೂರ್ತಿ ಮಾಲೀಕರ ವಿರೋಧದ ಬಗ್ಗೆಯೇ ಇದೆಯಲ್ಲ?”

“ವಿರೋಧ? ಛೇ ಛೇ! ಸೊಸಿ ಅಂದ್ರೆ ಮಗಳಿದ್ದಂಗೆ. ಆಕಿ ಹೇಳಿದ್ದಕ್ಕೆಲ್ಲ ನಾನು ಹ್ಞೂಂ ಅಂದೋನು.”

ಪಕ್ಕದಲ್ಲಿದ್ದ ಸರ್ ಕನ್ನಡಕ ತೆಗೆದರು. “ಹಾಗಾದರೆ ಈ ಅಧ್ಯಾಯವನ್ನು ಕಲ್ಪಿಸಿಕೊಂಡು ಬರೆದಿದ್ದೀರಾ? ನಡೆಯದ್ದನ್ನು ನಡೆಯಿತು ಅಂತ ಬರೆದಿದ್ದರೆ ನಮಗೆ ಪಾಸು ಮಾಡಲಾಗುವುದಿಲ್ಲ.”

ಅಪ್ಪನಿಗೆ ಅತ್ತಿಗೆಯನ್ನು ಬೀಳಿಸಬೇಕೆಂಬ ಉದ್ದೇಶ ಎಳ್ಳಷ್ಟೂ ಇರಲಿಲ್ಲ, ನಂಬಿ. ಅವನು ಮನೆಯ ಮಾನ ಕಾಯುತ್ತಿದ್ದ, ಸೊಸೆಯ ಮಾನವನ್ನೂ ಸೇರಿಸಿ. ಅವನು ಹೊಗಳಿದಷ್ಟೂ ಅವರು ಮುಳುಗುತ್ತಿದ್ದರು. ಅತ್ತಿಗೆ ನನ್ನ ಕಡೆ ನೋಡಿದರು. ಲ್ಯಾಪ್‌ಟಾಪಿಗೆ ಸಿಗ್ನಲ್ ಬರಲೆಂದು ಕಿಟಕಿಯ ಬಳಿ ಮೊಬೈಲ್ ಎತ್ತಿ ಹಿಡಿದು ನಿಂತಿದ್ದ ನಾನು ಸೂರು ನೋಡಿದೆ. ಎಂಬಿಎ ಓದಿದವನು ಕಷ್ಟಕಾಲದಲ್ಲಿ ನೋಡಬೇಕಾದ ದಿಕ್ಕು ಅದೇ.

ಆಗ ಅತ್ತಿಗೆ ಪರದೆಯನ್ನು ಬಿಟ್ಟು ಅಪ್ಪನ ಕಡೆ ತಿರುಗಿದರು. ದನಿ ತಣ್ಣಗಿತ್ತು.

“ಮಾವ, ಹೇಳೋದು ಮರ್ತಿದ್ದೆ. ನಾಳೆ ಮಷಿನ್ನು ಉಡುತಡಿಗೆ ಹೋಗ್ತದೆ. ಅಲ್ಲಿ ಎಲ್ಲರ ಗದ್ದೆ ಮುಗಿಯೋ ತನಕ ವಾಪಸ್ ಬರಲ್ಲ.”

“ಆತು, ಆಮ್ಯಾಲೆ ಮಾತಾಡನ” ಎಂದ ಅಪ್ಪ, ಪರದೆಗೆ ನಗುಮುಖ ತೋರಿಸುತ್ತ.

“ಬೆಳಿಗ್ಗೆ ಬಸಣ್ಣ ಬಂದಿದ್ರು. ಮುಂದಿನ ವಾರ ಬನ್ನಿ ಅಂದು ಕಳಿಸ್ದೆ.”

ನಗು ಅರ್ಧಕ್ಕೆ ನಿಂತಿತು. “ಕಳಿಸಿದ್ಯಾ?”

“ಹ್ಞೂಂ. ಕಾಫೀನೂ ಕೊಡ್ಲಿಲ್ಲ.”

ಬಸಣ್ಣ ಅಪ್ಪನ ಹಳೆಯ ಗೆಳೆಯ. ಅವತ್ತು ಅವರು ನಮ್ಮ ಊರಿನಲ್ಲೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಆ ಗಳಿಗೆಯಲ್ಲಿ ಅದನ್ನು ವಿಚಾರಿಸುವ ಸ್ಥಿತಿಯಲ್ಲಿ ಅಪ್ಪ ಇರಲಿಲ್ಲ. ಶಲ್ಯ ಕೆಳಗೆ ಬಿತ್ತು.

“ಯಾರ್ನ ಕೇಳಿ ಕಳಿಸ್ದಿ? ಬಾಗ್ಲಿಗೆ ಬಂದೋನ್ನ ಬರೀ ಹೊಟ್ಯಾಗೆ ಕಳ್ಸು ಅಂತ ನಿನ್ನ ಪುಸ್ತಕದಾಗೆ ಬರ್ದೈತೇನು? ಹೋದ ಸುಗ್ಗಿಯಿಂದ ಬಡ್ಕಂತಾ ಇದೀನಿ, ಊರು ಮುಗ್ಸಿ ಊರು ಅನ್ನೋ ನಿನ್ನ ಲೆಕ್ಕ ನನಗೆ ಬ್ಯಾಡ ಅಂತ!”

“ಬಾಗ್ಲಿಗೆ ಬರೋರು ಹತ್ತಿರದೋರು ಮಾವ. ಉಡುತಡಿಯಿಂದ ಬೆಳಗಾಗೋದ್ರೊಳಗೆ ಬಂದು ಜಗಲಿ ಮೇಲೆ ಕೂರೋಕೆ ಎಲ್ಲರಿಗೂ ಆಗ್ತದಾ? ಅವರ ಭತ್ತ ಹಣ್ಣಾಗಿ ಉದುರ್ತಾ ಅದೆ. ಬಂದು ಕಾಫಿ ಕುಡೀಲಿಲ್ಲ ಅಂತ ಅವರದ್ದು ಭತ್ತ ಅಲ್ವಾ?”

ಅಪ್ಪ ಅದಕ್ಕೂ ಕೂಗಿದ. ಅತ್ತಿಗೆ ಅದಕ್ಕೂ ಉತ್ತರ ಕೊಟ್ಟರು. ಬೀಗರು ಬಾಳೆಹಣ್ಣಿನ ಚಿಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಅಮ್ಮ ಸೆರಗು ಬಾಯಿಗಿಟ್ಟಳು. ಕೂಗಿ ಕೂಗಿ ದನಿ ಸೋತ ಮೇಲೆ ಅಪ್ಪ ಕೇಳಿದ. “ಹಂಗಾದ್ರೆ ಬಾಗ್ಲಿಗೆ ಬಂದೋರಿಗೆ ಏನಂತ ಹೇಳ್ಲಿ ನಾನು?”

“ನಿಮ್ಮೂರಿಗೆ ಯಾವತ್ತು ಬರ್ತದೆ ಅಂತ ಹೇಳಿ. ಕಾಫಿ ಕೊಟ್ಟೇ ಹೇಳಿ.”

ಪರದೆಯೊಳಗಿಂದ ಮೇಡಂ ಕೆಮ್ಮಿದರು. “ಅಧ್ಯಾಯ ಸರಿಯಾಗಿದೆ ಗಿರಿಜಾ. ನೀವು ಸ್ವಲ್ಪ ಮೆತ್ತಗೇ ಬರೆದಿದ್ದೀರಿ. ಫಲಿತಾಂಶವನ್ನು ಮೂವರೂ ಕೂತು ಮಾತಾಡಿ ತಿಳಿಸುತ್ತೇವೆ.”

ಆಗಲೇ ಅಪ್ಪನಿಗೆ ಅವರಿನ್ನೂ ಅಲ್ಲೇ ಇದ್ದಾರೆ ಎಂಬ ಅರಿವಾದದ್ದು. ಎದ್ದು ನಿಂತ. ಯಾರ ಮುಂದೆಯೂ ಬಾಗದ ಮನುಷ್ಯ ಆ ಪುಟ್ಟ ಪರದೆಗೆ ಕೈ ಮುಗಿದ. “ತಪ್ಪಾತ್ರೀ. ಬಾಯಿ ನಂದೇ ಜೋರು. ಆಕಿದೇನೂ ಇಲ್ಲ. ಆಕಿನ್ನ ಫೇಲ್ ಮಾಡಬ್ಯಾಡ್ರಿ.” ನಾನು ಮೊಬೈಲು ಹಿಡಿದ ಕೈ ಇಳಿಸಿದೆ, ಸಿಗ್ನಲ್ಲೇ ಹೋಯಿತು.

ಅವತ್ತು ಅಪ್ಪ ಊಟ ಮಾಡಲಿಲ್ಲ. “ಅವರು ನಮ್ಮನ್ನ ಏನಂದ್ಕಂಡ್ರೋ. ಆಕಿ ಓದು ನನ್ನ ಬಾಯಿಂದ ಹಾಳಾತು” ಎಂದು ನನ್ನ ಹತ್ತಿರ ಮಾತ್ರ ಹೇಳಿದ. ಅತ್ತಿಗೆ ಪಾಸಾದ ಸುದ್ದಿ ಬಂದಾಗ ಮನೆಯಲ್ಲಿ ಎಲ್ಲರೂ ಕೂಗಾಡಿದರು, ಅವನೊಬ್ಬ ಎದ್ದು ಗದ್ದೆಗೆ ಹೋದ. ಕೋಪವೋ ಸಂತೋಷವೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅತ್ತಿಗೆ ಬಾಗಿಲು ತೆರೆದರೆ ಜಗಲಿಯ ಮೇಲೆ ಅಪ್ಪ ಕೂತಿದ್ದಾನೆ. ದಿನವೂ ಕೂರುವ ಕುರ್ಚಿಯಲ್ಲಲ್ಲ. ಮಷಿನ್ನು ಕೇಳಲು ಬಂದ ರೈತರು ಕೂರುವ ಅಂಚಿನಲ್ಲಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು. ಸೊಸೆಯನ್ನು ಕಂಡು ಎದ್ದು ನಿಂತ.

“ನಮ್ಮ ಗದ್ದೆಗೆ ಮಷಿನ್ನು ಯಾವತ್ತು ಕಳಿಸ್ತೀರಿ ರೀ?”

ಅತ್ತಿಗೆಯನ್ನು ಬಂದ ದಿನದಿಂದ ಏಕವಚನದಲ್ಲೇ ಕರೆದವನು ಅಪ್ಪ. ಒಂದು ಸುಗ್ಗಿಯ ಜಗಳದಲ್ಲಿ ಒಮ್ಮೆಯೂ ಅಳದವರು ಆಗ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: “ಉಡುತಡಿ ಮುಗಿದ ಮೇಲೆ ಮಾವ. ಕೂತ್ಕೊಳಿ, ಕಾಫಿ ತರ್ತೀನಿ.”

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಈಗ ನಮ್ಮ ಮನೆಯಲ್ಲಿ ಜಗಳಗಳು ನೆಂಟರ ಮುಂದೆಯೇ ನಡೆಯುತ್ತವೆ. ಸೂರು ನೋಡುವ ಅಭ್ಯಾಸ ಉಳಿದದ್ದು ನನ್ನೊಬ್ಬನಿಗೆ. ಇಷ್ಟು ನಿಮಗೆ ಹೇಳುವುದರೊಳಗೆ ಫೋನು ಬಂತು, ಅತ್ತಿಗೆಯದೇ. “ಮೈದುನ್ರೇ, ಈ ಸಲ ನಿಮ್ಮ ಪಾಲಿನ ಗದ್ದೆಗೆ ಮಷಿನ್ನು ಎಲ್ಲರದ್ದೂ ಆದ ಮೇಲೆ ಬರ್ತದೆ.”

“ಆಯ್ತು ಅತ್ತಿಗೆ” ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಹತ್ತು ಜನ ಸುತ್ತ ನಿಂತಿದ್ದರು, ಅವರಲ್ಲಿ ನನ್ನ ಗಿರಾಕಿಗಳೂ ಇದ್ದರು.

“ಆಗಲ್ಲ ಅತ್ತಿಗೆ” ಎಂದೆ. ನನಗೇ ಆಶ್ಚರ್ಯವಾಗುವಷ್ಟು ಜೋರಾಗಿತ್ತು. ಜನ ತಿರುಗಿ ನೋಡಿದರು.

ಆ ಕಡೆ ಅತ್ತಿಗೆ ನಕ್ಕದ್ದು ಕೇಳಿಸಿತು. “ಅಂತೂ ಬಾಯಿ ಬಿಟ್ರಿ. ಯಾಕಾಗಲ್ಲ ಹೇಳಿ, ಕೇಳ್ತೀನಿ.”

ಹೇಳಿದೆ, ಎಲ್ಲರಿಗೂ ಕೇಳಿಸುವ ಹಾಗೆ.