ವ್ಯಾನಿನ ಮೇಲಿನ ಇಂಜಿನಿಯರು

ಮಕ್ಕಳೇ, ತುಂಗೆಗೆ ನೆರೆ ಬಂದ ವರ್ಷ ಟಿವಿ ಸುದ್ದಿಯವರ ವ್ಯಾನು ಶೃಂಗೇರಿಯ ನಮ್ಮ ಮನೆಯೆದುರು ನಿಂತಿತ್ತು. ಅದರ ಇಂಜಿನಿಯರು ಕೂತು ಊಟ ಮಾಡಿದ್ದನ್ನು ನಾನು ಕಾಣಲಿಲ್ಲ. ಎರಡು ತುತ್ತಿಗೇ ತಟ್ಟೆ ಇಟ್ಟು, "ಒಂದ್ನಿಮಿಷ ಅಮ್ಮಾ" ಎನ್ನುತ್ತ ವ್ಯಾನಿನ ಮೇಲೆ ಹತ್ತುತ್ತಿದ್ದರು. ಚಿತ್ರ ಕಳಿಸಲು ಅಲ್ಲಿದ್ದ ಡಿಶ್ಶಿನ ಮೂತಿಯಲ್ಲಿ ಮಳೆನೀರು ಕೂತರೆ ಟಿವಿಯಲ್ಲಿ ಚಿತ್ರ ನಿಂತುಹೋಗುತ್ತಿತ್ತು, ಒರೆಸುತ್ತಲೇ ಇರಬೇಕಿತ್ತು.

"ಫೋನ್ ಸತ್ತಿದೆ ಅಮ್ಮಾ. ಊರಲ್ಲಿ ನಮ್ಮ ತಾಯಿ ಟಿವಿ ಮುಂದೇ ಕೂತಿರ್ತಾರೆ. ನಾನಂತೂ ಅದರಲ್ಲಿ ಕಾಣಲ್ಲ. ಶೃಂಗೇರಿ ಚಿತ್ರ ನಿಂತ್ರೆ ಮಗನಿಗೇನೋ ಆಯ್ತು ಅಂತ ಊಟ ಬಿಡ್ತಾರೆ" ಎಂದಿದ್ದರು.

ಒಂದು ಸಂಜೆ ಅವರ ಒರೆಸುವ ಬಟ್ಟೆಗಳೆಲ್ಲ ನೆನೆದುಹೋದವು. ಕೆಳಗಿನಿಂದ ವರದಿಗಾರ ಕೂಗಿದ: "ಚಿತ್ರ ಹೋಯ್ತಂತೆ! ಮೇಲೆ ಕೂತು ಮಳೆಹನಿ ಎಣಿಸ್ತಿದ್ದೀಯೇನೋ ಮಾರಾಯಾ?"

ಹೊರಗಿನವರೊಡನೆ ಮಾತಾಡಲು ನಾಚುತ್ತಿದ್ದ ನಾನು, ಬಚ್ಚಲೊಲೆಯ ಮೇಲೆ ಒಣಗಿಸಿದ್ದ ನಿಮ್ಮ ಅಜ್ಜನ ಪಂಚೆ ತಂದು ಮೇಲಕ್ಕೆ ಚಾಚಿದೆ. ಅವರು ಒರೆಸಿದರು. ನಾನು ಒಳಗೋಡಿ ನಮ್ಮ ಟಿವಿ ನೋಡಿ ಬಂದು, "ಬಂತು, ಬಂತು!" ಎಂದು ಕೂಗಿದೆ.

ಅವರು ಇಳಿದು ಬಂದು ಮೊದಲ ಸಲ ನಮ್ಮ ಜಗಲಿಯಲ್ಲಿ ಕೂತರು. "ಈಗ ಊರಲ್ಲಿ ನಮ್ಮ ತಾಯಿ ಉಣ್ತಾರೆ. ನಂಗೂ ಬಡಿಸಿ" ಎಂದರು.

ಅನ್ನ ತರುವಷ್ಟರಲ್ಲಿ ಮಳೆ ಮತ್ತೆ ಸುರಿಯಿತು. ಜಗಲಿ ಖಾಲಿಯಾಗಿತ್ತು. ಪಂಚೆಯೂ ಇರಲಿಲ್ಲ. ವ್ಯಾನಿನ ಮೇಲಿಂದ ದನಿ ಕೇಳಿತು: "ಒಂದ್ನಿಮಿಷ ಅಮ್ಮಾ."