ನೆಗೆಣ್ಣಿಯ ಸಣ್ಣ ಬ್ಯಾಗು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಊರಿಗೆ ಹೊರಟರೆ ಹೆಗಲಿಗೊಂದು ಸಣ್ಣ ಬ್ಯಾಗು, ಅಷ್ಟೇ. ದಾಂಡೇಲಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತೋ ಇಲ್ಲವೋ, ಹತ್ತಿ ಕಿಟಕಿ ಹಿಡಿದಿರುತ್ತಾಳೆ. ನಾನು ಸೂಟ್‌ಕೇಸು, ರೊಟ್ಟಿ ಬುತ್ತಿ, ಚಟ್ನಿಪುಡಿ ಡಬ್ಬಿ, ಹೊದೆಯುವ ಚಾದರ ಎಲ್ಲ ಸಾವರಿಸಿಕೊಂಡು ಹತ್ತುವಷ್ಟರಲ್ಲಿ ಕಂಡಕ್ಟರನ ಬೈಗುಳ ಮುಗಿದಿರುತ್ತದೆ. ಪಾಳಾದಲ್ಲಿರುವ ನಮ್ಮ ನಾದಿನಿ ಪ್ರತಿ ಸಲ ಅವಳನ್ನು ನೋಡಿ, "ಹೂವಿನಂಗ ಬರ್ತಾಳ ನೋಡ್ರಿ" ಅನ್ನುತ್ತಾಳೆ. ನನ್ನನ್ನು ನೋಡಿದರೆ ಒಳಗಿದ್ದವರನ್ನು ಕರೆಯುತ್ತಾಳೆ, ಸಾಮಾನು ಇಳಿಸಲಿಕ್ಕೆ. ಆ ಹೂವಿನ ಮಾತು ಒಮ್ಮೆಯಾದರೂ ನನ್ನ ಪಾಲಿಗೆ ಬರಲಿ ಎಂದು ಎಷ್ಟು ವರ್ಷ ಆಸೆಪಟ್ಟೆನೋ.

ನೆಗೆಣ್ಣಿಯ ಕಪಾಟಿನ ಬಾಗಿಲಿನ ಒಳಗೆ ಒಂದು ಪಟ್ಟಿ ಅಂಟಿಸಿದೆ. ಲ್ಯಾಮಿನೇಶನ್ ಬೇರೆ ಮಾಡಿಸಿದ್ದಾಳೆ. ಒಂದೊಂದು ಸಾಮಾನು ಬ್ಯಾಗಿಗೆ ಬಿದ್ದಂತೆ ಸ್ಕೆಚ್ ಪೆನ್ನಿನಿಂದ ಗುರುತು ಹಾಕುತ್ತಾಳೆ, ತಿರುಗಿ ಬಂದ ಮೇಲೆ ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ. ಈ ಸಲ ನಾದಿನಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಇಬ್ಬರೂ ಹೊರಡುವುದಿತ್ತು. ಪಟ್ಟಿ ಕೊಡು ಅಂದೆ. ಕೇಳಿದ ಕೂಡಲೇ ಫೋಟೋ ಹೊಡೆದು ಕಳಿಸಿಬಿಟ್ಟಳು. ಸ್ವಲ್ಪ ಸತಾಯಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಉಟ್ಟಿದ್ದು ಬಿಟ್ಟು ಎರಡು ಸೀರೆ, ಒಂದು ನೈಟಿ, ಸಣ್ಣ ಬಾಟಲಿಗೆ ಸುರಿದ ಎಣ್ಣೆ, ಗುಳಿಗೆ, ಚಾರ್ಜರ್. ಚಾದರ ಒಳಗಿಟ್ಟೆ, ತೆಗೆದೆ, ಮತ್ತೆ ಇಟ್ಟೆ, ಮತ್ತೆ ತೆಗೆದೆ. ಮಗಳ ಕಾಲೇಜು ಬ್ಯಾಗಿನ ಮೇಲೆ ಮೊಣಕಾಲು ಊರಿ ಝಿಪ್ಪು ಎಳೆದೆ. ಹಳಿಯಾಳದಲ್ಲಿ ಬಸ್ಸು ಬದಲಿಸುವಾಗ ನೆಗೆಣ್ಣಿಗಿಂತ ಮೊದಲು ಹತ್ತಿದವಳು ನಾನು. ಕಿಟಕಿ ನನ್ನದಾಯಿತು.

ಪಾಳಾದ ಅಂಗಳದಲ್ಲಿ ನಾದಿನಿ ನನ್ನ ಬ್ಯಾಗು ನೋಡಿದಳು, ಆಮೇಲೆ ಮುಖ ನೋಡಿದಳು.

"ಯಾಕ್ರಿ ವೈನಿ, ಇವತ್ತ ಹೊಳ್ಳಿ ಹೋಗ್ತೀರೇನು? ಮನ್ಯಾಗ ಏನರೆ ಆಗೇತೇನು?"

ಹೂವಿನ ಮಾತು ಈ ಸಲವೂ ನೆಗೆಣ್ಣಿಗೇ ಹೋಯಿತು.

ಹೊರಡುವ ದಿನ ನಾದಿನಿ ಇಬ್ಬರಿಗೂ ಸೆರಗೊಡ್ಡಿಸಿ ಉಡಿ ತುಂಬಿದಳು: ಅಕ್ಕಿ, ತೆಂಗಿನಕಾಯಿ, ಖಣ, ಎಲೆ ಅಡಿಕೆ. ನಮ್ಮಲ್ಲಿ ಉಡಿಯಕ್ಕಿ ಬಿಟ್ಟು ಬರುವಂತಿಲ್ಲ, ಇನ್ನೊಬ್ಬಳ ಚೀಲಕ್ಕೆ ಹಾಕುವಂತೆಯೂ ಇಲ್ಲ. ತುಂಬಿಸಿಕೊಂಡವಳೇ ಹೊತ್ತು ತಂದು ತನ್ನ ಮನೆಯ ಒಲೆಯ ಮೇಲೆ ಬೇಯಿಸಬೇಕು. ಇಷ್ಟು ವರ್ಷ ಅದು ಬುತ್ತಿ ಖಾಲಿಯಾದ ಜಾಗದಲ್ಲಿ ತಾನಾಗಿ ಕೂರುತ್ತಿತ್ತು. ಈಗ ಒಂದು ಮುಷ್ಟಿಗೂ ಜಾಗವಿಲ್ಲ. ಹೋಗುವುದಕ್ಕಷ್ಟೇ ತುಂಬಿಕೊಂಡಿದ್ದೆ, ಬರುವುದನ್ನು ಯೋಚಿಸಿರಲಿಲ್ಲ. ನೆಗೆಣ್ಣಿ ತನ್ನ ಬ್ಯಾಗಿನ ತಳದಿಂದ ಮಡಿಚಿದ ಬಟ್ಟೆಯ ಚೀಲ ತೆಗೆದು ಕೊಡವಿ ತನ್ನ ಉಡಿ ಅದರಲ್ಲಿ ಹಾಕಿಕೊಂಡಳು. ಪಟ್ಟಿಯಲ್ಲಿ ಇರಲಿಲ್ಲವಲ್ಲ ಅಂದರೆ, ಅದು ಯಾವಾಗಲೂ ಅಲ್ಲೇ ಇರುತ್ತದೆ, ಬರೆಯುವುದೇನು ಅಂದಳು. ಮೈ ಉರಿಯಿತು.

ನಾದಿನಿ ಭತ್ತ ತುಂಬುವ ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ನನ್ನ ಉಡಿ ಅದರ ತಳ ಸೇರಿ ಕಾಣದಂತಾಯಿತು. ಅಷ್ಟು ದೊಡ್ಡ ಚೀಲವನ್ನು ಅರೆಖಾಲಿ ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಹೊಸ ಅಕ್ಕಿ, ಗೋವಿನಜೋಳ, ಶೇಂಗಾ, ಮೇಲೊಂದು ಹಿತ್ತಲ ಕುಂಬಳಕಾಯಿ.

ಬಸ್ಸಿನಲ್ಲಿ ನೆಗೆಣ್ಣಿ ಕಿಟಕಿ ಹಿಡಿದಿದ್ದಳು. ಆದರೆ ಹೊರಗೆ ನೋಡುತ್ತಿರಲಿಲ್ಲ, ಚೀಲ ನೋಡುತ್ತಿದ್ದಳು.

"ನನಗ ಬರೇ ಉಡಿ ನೋಡಕ್ಕಾ. ಇಷ್ಟ ವರ್ಷದಾಗ ಒಂದ ಕುಂಬಳಕಾಯಿನೂ ಕೊಟ್ಟಿಲ್ಲ ಆಕಿ."

ನಿನ್ನ ಚೀಲ ಸಣ್ಣದು, ಅದಕ್ಕೆ ಅಂದೆ.

ಹಳಿಯಾಳದಲ್ಲಿ ಹತ್ತಿದ ಬಸ್ಸಿನಲ್ಲಿ ಎಷ್ಟೋ ಜಾಗವಿತ್ತು. ಚೀಲ ಕೆಳಗಿಡಿ ಎಂದು ಕಂಡಕ್ಟರ್ ಹೇಳಿಯೂ ಹೇಳಿದ. ದಾಂಡೇಲಿಯವರೆಗೂ ನಾನದನ್ನು ತೊಡೆಯ ಮೇಲೇ ಇಟ್ಟುಕೊಂಡೆ, ಕುಂಬಳಕಾಯಿ ಅವಳ ಕಡೆಗೆ ಬರುವ ಹಾಗೆ.